ಎಡಬದಿಯ ಬ್ರೇಕು

ಸೆಕೆಂಡ್ ಹ್ಯಾಂಡ್ ಕಾರು ಹುಡುಕಲು ಹೊರಟವರಿಗೆ ಕಾರು ಸಿಗುತ್ತದೋ ಇಲ್ಲವೋ, ನಗೆಪಾಟಲಾಗುವ ಯೋಗ ಮಾತ್ರ ತಪ್ಪದೆ ಸಿಗುತ್ತದೆ. ಕಿಸೆ ಸಣ್ಣದಿದ್ದು, ಕಾರು ಮಾತ್ರ ಹೊರದೇಶದಿಂದ ಬಂದದ್ದೇ ಆಗಬೇಕು ಎಂದು ಹಟ ಹಿಡಿದವರು ಮನೆಯಲ್ಲಿದ್ದರಂತೂ ವಾರಕ್ಕೊಂದು ಪ್ರಸಂಗ ಗ್ಯಾರಂಟಿ. ನಮ್ಮ ಮನೆಯಲ್ಲಿ ಆ ಹಟದವರು ನನ್ನ ಅಪ್ಪ. ಪಪ್ಪ ಎನ್ನುತ್ತೇವೆ. ಮನೆಮಾತು ಕೊಂಕಣಿ, ಇಲ್ಲಿ ಕನ್ನಡ ಮಾಡಿ ಹೇಳುತ್ತಿದ್ದೇನೆ.

ಪಪ್ಪ ತಮ್ಮ ಪ್ರಾಯವನ್ನೆಲ್ಲ ಕುವೈಟಿನಲ್ಲಿ ಒಬ್ಬ ಧಣಿಯ ಮನೆಯ ಡ್ರೈವರ್ ಆಗಿ ಕಳೆದವರು. ಜಪಾನಿನ ಉದ್ದದ ಬಿಳಿ ಕಾರು. ಹಿಂದಿನ ಸೀಟಿನಲ್ಲಿ ಧಣಿಯ ಹೆಂಡತಿ, ಅವರನ್ನು ಪಪ್ಪ ಮೇಡಂ ಎನ್ನುತ್ತಿದ್ದರು. ರಜೆಗೆ ಊರಿಗೆ ಬಂದಾಗಲೆಲ್ಲ ಮಮ್ಮಿಗೆ ಅವರು ಹೇಳುತ್ತಿದ್ದದ್ದು ಒಂದೇ ಮಾತು. “ನಾನು ಊರಿಗೇ ಬಂದು ನಿಲ್ಲುವಾಗ ಅದೇ ಗಾಡಿ ತೆಗೀತೇನೆ. ನೀನು ಮೇಡಂ ಹಾಗೆ ಹಿಂದೆ ಕೂತ್ಕೋ. ನಾನು ಬಿಡ್ತೇನೆ.” ಮಮ್ಮಿ ಆ ಮಾತು ಕೇಳಿಸಿಕೊಂಡು ಸಿಟಿ ಬಸ್ಸಿಗೆ ಹೊರಡುತ್ತಿದ್ದಳು. ಡ್ರೈವರನ ಹೆಂಡತಿಯಾಗಿ ಮುದುಕಿಯಾದರೂ ಗಂಡ ಕಾರು ಬಿಡುವುದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ.

ಕೊನೆಗೆ ಪಪ್ಪ ಕುವೈಟ್ ಬಿಟ್ಟು ಊರಿಗೆ ಬಂದು ನಿಂತರು. ಅಷ್ಟರಲ್ಲಿ ಸಕ್ಕರೆ ಕಾಯಿಲೆ ಕಣ್ಣಿಗೆ ಹತ್ತಿತ್ತು. ಡ್ರೈವಿಂಗ್ ಆಸೆ ಬಿಡಿ, ಇರುವ ಬೆಳಕೂ ಹೆಚ್ಚು ಕಾಲ ಇರಲಿಕ್ಕಿಲ್ಲ ಎಂದರು ಕಣ್ಣಿನ ಡಾಕ್ಟರು. ಮಮ್ಮಿ ಅಲ್ಲೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಪಪ್ಪ, “ಹಾಗಾದರೆ ಗಾಡಿ ಬೇಗ ತೆಗೀಬೇಕು” ಎಂದರು. ಬಿಡುವ ಕೆಲಸ ನನ್ನದು, ಆದರೆ ಕಣ್ಣಿರುವಾಗ ತಾನೇ ಆರಿಸಬೇಕು ಎಂಬುದು ಅವರ ಲೆಕ್ಕ. ನಾನು ಮಂಗಳೂರಿನ ಅತ್ತಾವರದ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಆಗ ನನ್ನ ಬಳಿ ಇದ್ದದ್ದು ಒಂದು ಸ್ಕೂಟರು ಮತ್ತು ಇನ್ನೂ ಒಮ್ಮೆಯೂ ಬಳಸದ ಕಾರಿನ ಲೈಸೆನ್ಸು.

ಡಾಕ್ಟರ್ ಗಾಡಿ

ನಮಗೆ ಸಿಕ್ಕ ಬ್ರೋಕರು ತುಳುವರು. ಪಂಪ್‌ವೆಲ್ ಹತ್ತಿರದ ಹೋಟೆಲಿನ ಮೂಲೆಯ ಮೇಜೇ ಅವರ ಆಫೀಸು. ನಮ್ಮ ಕ್ರಿಶ್ಚಿಯನ್ ಗಂಡಸರನ್ನು ತುಳುವರು ಕರೆಯುವ ಹಾಗೆ ಪಪ್ಪನನ್ನು “ಪೊರ್ಬುಲೇ” ಎನ್ನುತ್ತಿದ್ದರು, ನನ್ನನ್ನು “ಸಿಸ್ಟರ್”. ನಮ್ಮ ಬಜೆಟ್ ಕೇಳಿದಾಗ ಚಾ ಕುಡಿಯುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದರು. ಇಂಪೋರ್ಟೆಡ್ ಬೇಕು ಎಂದಾಗ ಇನ್ನೊಂದು ಚಾ ಹೇಳಿದರು.

“ಒಂದು ಉಂಟು ಸಿಸ್ಟರ್. ಸಿಂಗಲ್ ಓನರ್. ಡಾಕ್ಟರ್ ಗಾಡಿ. ಮನೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮನೆ. ಒಂದು ಗೀರು ಇಲ್ಲ.”

ಗಾಡಿಯ ವ್ಯಾಪಾರದಲ್ಲಿ ಡಾಕ್ಟರ್ ಎಂಬ ಶಬ್ದಕ್ಕೆ ಬೆಲೆ ಜಾಸ್ತಿ. ಡಾಕ್ಟರರು ಗಾಡಿಯನ್ನು ಮಗುವಿನ ಹಾಗೆ ನೋಡಿಕೊಳ್ಳುತ್ತಾರೆ ಎಂದು ಡಾಕ್ಟರರ ಜೊತೆ ಕೆಲಸ ಮಾಡದವರು ನಂಬಿದ್ದಾರೆ. ನೋಡಲು ಹೋದೆವು. ನಂಬರ್ ಪ್ಲೇಟ್ ಕಂಡದ್ದೇ ನನಗೆ ಗುರುತು ಸಿಕ್ಕಿತು. ಅದು ನಮ್ಮ ಆಸ್ಪತ್ರೆಯದೇ ಒಬ್ಬ ಸರ್ಜನ್‌ರ ಗಾಡಿ. ಆಪರೇಷನ್ ಥಿಯೇಟರಿನಲ್ಲಿ ಅವರ ಕೈಯಲ್ಲಿ ದೇವರಿದ್ದಾನೆ ಎನ್ನುತ್ತಾರೆ. ಆಸ್ಪತ್ರೆಯ ಗೇಟಿಗೆ ಬರುವಾಗ ದೇವರು ಇಳಿದು ಹೋಗುತ್ತಾನೆ. ಆ ಗೇಟಿನ ಕಂಬವನ್ನು ಅವರು ಕೆಡವಿದಷ್ಟು ಸಲವೂ ಮೇಸ್ತ್ರಿ ಬಂದು ಕಟ್ಟಿಹೋಗಿದ್ದಾನೆ.

ಬ್ರೋಕರು ಮುಂದಿನ ಬಂಪರ್ ಸವರುತ್ತಾ, “ನೋಡಿ ಪೊರ್ಬುಲೇ, ಒಂದು ಗೀರು ಉಂಟಾ?” ಎಂದರು.

“ಹೊಸ ಬಂಪರಿನಲ್ಲಿ ಗೀರು ಹೇಗೆ ಇರ್ತದೆ?” ಎಂದೆ ನಾನು.

ಪಪ್ಪ ನನ್ನನ್ನು ಬದಿಗೆ ಕರೆದು, “ಡಾಕ್ಟರ್ ಒಳ್ಳೆಯವರಲ್ವಾ ಬಾಯೆ?” ಎಂದು ಕೇಳಿದರು. ಮಗಳನ್ನು ನಮ್ಮಲ್ಲಿ ಹಾಗೆ ಕರೆಯುತ್ತಾರೆ.

“ತುಂಬಾ ಒಳ್ಳೆಯವರು ಪಪ್ಪ. ಅವರ ಹತ್ತಿರ ಹೊಟ್ಟೆ ಕೊಯ್ಯಿಸಿಕೊಳ್ಳಬಹುದು. ಗಾಡಿ ಮಾತ್ರ ತಗೊಳ್ಳಬಾರದು.”

ಮರುದಿನ ಗೇಟಿನ ಹತ್ತಿರ ಆ ಡಾಕ್ಟರೇ ಗಾಡಿ ನಿಲ್ಲಿಸಿ ಗಾಜು ಇಳಿಸಿದರು. “ಸಿಸ್ಟರ್, ನೀವೇ ಅಂತೆ ಅಲ್ವಾ ನನ್ನ ಗಾಡಿ ನೋಡಿದ್ದು? ಯಾಕೆ ಬೇಡ ಅಂದ್ರಿ?”

“ಬಜೆಟ್ ಸರ್” ಎಂದೆ. ನಿಜ ಕಾರಣ ಬಲ್ಲ ವಾಚ್‌ಮನ್ ಎಲ್ಲಿ ಎಂದು ತಿರುಗಿ ನೋಡಿದರೆ, ಅವನು ಡಾಕ್ಟರರ ಗಾಡಿ ಹೋಗುವವರೆಗೆ ಗೋಡೆಯ ಹಿಂದೆ ನಿಂತಿದ್ದ.

ಎಸಿ ಪರೀಕ್ಷೆ

ಗಾಡಿ ನೋಡುವವರು ಇಂಜಿನ್ ನೋಡುತ್ತಾರೆ, ಟಯರ್ ನೋಡುತ್ತಾರೆ. ಪಪ್ಪ ನೋಡುತ್ತಿದ್ದದ್ದು ಎಸಿ. ಮಾರುವವರು ಮರ್ಯಾದೆಯಿಂದ ಬಲಬದಿಯ ಬಾಗಿಲು ತೆರೆದು ಕಾಯುತ್ತಿದ್ದರು. ಪಪ್ಪ ನೇರ ಎಡಬದಿಗೆ ಹೋಗಿ ಹತ್ತುತ್ತಿದ್ದರು. ಕುವೈಟಿನಲ್ಲಿ ಸ್ಟೇರಿಂಗ್ ಇರುವುದು ಎಡಬದಿಗೆ. ಕೂತ ಮೇಲೆ ಕಾಲು ತನ್ನಷ್ಟಕ್ಕೆ ಪೆಡಲ್ ಹುಡುಕುತ್ತಿತ್ತು, ಕೈ ಸ್ಟೇರಿಂಗ್ ಹುಡುಕುತ್ತಿತ್ತು. ಎರಡೂ ಸಿಗದೆ ಒಂದು ಕ್ಷಣ ಅವರ ಮುಖ ಸಣ್ಣಗಾಗುತ್ತಿತ್ತು. ನನಗೆ ಅದನ್ನು ನೋಡಲಿಕ್ಕೆ ಆಗುತ್ತಿರಲಿಲ್ಲ. ಟಯರ್ ನೋಡುವ ನೆವದಲ್ಲಿ ಬಗ್ಗುತ್ತಿದ್ದೆ.

ಆಮೇಲೆ ಎಸಿ ಹಾಕಿಸಿ, ಗಾಳಿ ಬರುವಲ್ಲಿ ಅಂಗೈ ಹಿಡಿದು, ಕಣ್ಣು ಮುಚ್ಚಿ, ಹತ್ತು “ನಮಾನ್ ಮರಿಯೆ” ಪ್ರಾರ್ಥನೆ ಹೇಳುತ್ತಿದ್ದರು. ಹತ್ತು ಮುಗಿಯುವಾಗ ಅಂಗೈ ತಣ್ಣಗಾಗಿರಬೇಕು. ಇಲ್ಲದಿದ್ದರೆ ಗಾಡಿ ಫೇಲ್. ಮೊದಮೊದಲು ನಾನು ಇದಕ್ಕೆ ನಗುತ್ತಿದ್ದೆ. ಅಲ್ಲಿ ಬೇಸಿಗೆಯಲ್ಲಿ ಎಸಿ ಕೆಟ್ಟ ಗಾಡಿಯೊಳಗೆ ಧಣಿಗಾಗಿ ಕಾದು ಕಾದು ಸತ್ತುಹೋದ ಒಬ್ಬ ಜೊತೆಗಾರನ ಸಾಮಾನನ್ನು ಪೆಟ್ಟಿಗೆ ಕಟ್ಟಿ ಊರಿಗೆ ಕಳಿಸಿದ್ದು ತಾನು ಎಂದು ಪಪ್ಪ ಒಂದು ದಿನ ಊಟದ ಮಧ್ಯೆ ಹೇಳಿದರು. ಆಮೇಲೆ ನಗಲಿಲ್ಲ. ಮಂಗಳೂರಿನಲ್ಲಿ ಗಾಡಿಯನ್ನು ಕೊಲ್ಲುವುದು ಬಿಸಿಲಲ್ಲ, ಮಳೆ ಮತ್ತು ಕಡಲ ಗಾಳಿ ಎಂದು ಅವರಿಗೆ ಹೇಳುವಷ್ಟು ಬುದ್ಧಿ ನಮಗೆ ಯಾರಿಗೂ ಇರಲಿಲ್ಲ.

ಬಿಜೈಯ ಒಂದು ಮನೆಯಲ್ಲಿ ಗಂಡ ತೀರಿಹೋದ ಮೇಲೆ ಹೆಂಗಸು ಗಾಡಿ ಮಾರುತ್ತಿದ್ದರು. ಒಳ್ಳೆಯ ಗಾಡಿ. ಬಜೆಟ್ಟಿಗೂ ಹತ್ತಿರ. ಪಪ್ಪ ಎಡಬದಿಗೆ ಹತ್ತಿ ಎಸಿ ಪರೀಕ್ಷೆ ಶುರುಮಾಡಿದರು. ನಾನು ಆ ಹೆಂಗಸಿನ ಜೊತೆ ಜಗಲಿಯಲ್ಲಿ ಮಾತಾಡಿ, ಜ್ಯೂಸ್ ಕುಡಿದು, ರೇಟು ಇಳಿಸಿ ಬರುವಾಗ ಪಪ್ಪ ಸೀಟಿಗೆ ಒರಗಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಅಷ್ಟು ಚೆನ್ನಾಗಿತ್ತು ಎಸಿ.

ಹೆಂಗಸು ಗಾಜಿನ ಹತ್ತಿರ ನಿಂತು ನೋಡಿದರು. ಅವರ ಕಣ್ಣು ತುಂಬಿ ಬಂತು.

“ನಮ್ಮವರು ಸಹ ಹೀಗೇ. ಊಟ ಆದ ಮೇಲೆ ಗಾಡಿಯಲ್ಲಿ ಎಸಿ ಹಾಕಿ, ಇದೇ ಸೀಟಲ್ಲಿ, ಬಾಯಿ ತೆರೆದು. ಇಲ್ಲ ಸಿಸ್ಟರ್. ನನಗೆ ಇದನ್ನು ಮಾರ್ಲಿಕ್ಕೆ ಆಗುವುದಿಲ್ಲ. ಬೇಜಾರು ಮಾಡ್ಬೇಡಿ.”

ಪಪ್ಪನನ್ನು ಎಬ್ಬಿಸಿದೆ. ಅವರು ಕಣ್ಣುಜ್ಜುತ್ತಾ, “ಇದೇ ಫಿಕ್ಸ್” ಎಂದರು. ಮನೆಗೆ ಬಂದು ನಡೆದದ್ದನ್ನು ಹೇಳಿದಾಗ ಮಮ್ಮಿ ಮೀನು ಕೊಯ್ಯುವುದನ್ನು ನಿಲ್ಲಿಸಿ ನನ್ನನ್ನೇ ಬೈದಳು. “ಅವರ ಗೊರಕೆಗೆ ನನ್ನ ನಿದ್ದೆ ಮಾತ್ರ ಹೋಗ್ತಿತ್ತು. ಈಗ ಗಾಡಿಯೂ ಹೋಯಿತಾ?”

ಹಡಗಿನಲ್ಲಿ ಬಂದದ್ದು

ಮಳೆಗಾಲ ಹತ್ತಿರ ಬಂತು. ಪಪ್ಪನಿಗೆ ಈಗ ಎದುರಿನವರ ಮುಖ ಕಾಣುತ್ತಿರಲಿಲ್ಲ, ಆಕಾರ ಮಾತ್ರ. ಮಾತಾಡುವ ಮೊದಲು ಯಾರೆಂದು ಹೇಳಬೇಕಿತ್ತು. ನನಗೆ ಅವಸರ ಹತ್ತಿತು. ಅವಸರದ ವಾಸನೆ ಬ್ರೋಕರಿಗೆ ದೂರದಿಂದಲೇ ಬರುತ್ತದೆ.

“ಪೊರ್ಬುಲೇ, ಲಾಟರಿ ಹೊಡೀತು ನಿಮಗೆ” ಎಂದು ಫೋನ್ ಮಾಡಿದರು. ಹೈವೇ ಬದಿಯ ಒಂದು ಯಾರ್ಡಿನಲ್ಲಿ ಗಾಡಿ ನಿಂತಿತ್ತು. ಹೊರಗೆ ಫಳಫಳ. ರೇಟು ನಮ್ಮ ಬಜೆಟ್ಟಿಗಿಂತಲೂ ಕಡಿಮೆ. ನಾವು ಯಾವತ್ತೂ ಚೌಕಾಸಿ ಮಾಡುವವರು, ಈ ಸಲ ರೇಟು ಕೇಳಿ ನಮಗೇ ನಾಚಿಕೆಯಾಯಿತು.

ಬಾಗಿಲು ತೆರೆದದ್ದೇ ಒಳಗಿನಿಂದ ಮಲ್ಲಿಗೆ, ಗುಲಾಬಿ, ಗಂಧ ಎಲ್ಲ ಒಟ್ಟಿಗೆ ಮೂಗಿಗೆ ಬಡಿಯಿತು. ಅಷ್ಟೊಂದು ಸೆಂಟನ್ನು ನಾನು ಮದುವೆ ಹಾಲಿನಲ್ಲೂ ಕಂಡಿಲ್ಲ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಒಂದು ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ ಹುಡುಕುವ ಅಭ್ಯಾಸ ಇರುತ್ತದೆ. ಸೀಟಿನ ಹತ್ತಿರ ಮೂಗು ಇಟ್ಟೆ. ಕೆಸರು. ಸೀಟ್ ಬೆಲ್ಟನ್ನು ಪೂರ್ತಿ ಎಳೆದೆ. ಮೇಲಿನ ಅರ್ಧ ಕಪ್ಪು, ಕೆಳಗಿನ ಅರ್ಧ ಮಣ್ಣಿನ ಬಣ್ಣ. ನಡುವೆ ಸ್ಕೇಲ್ ಇಟ್ಟು ಎಳೆದ ಹಾಗೆ ಗೆರೆ. ಗಾಡಿ ಯಾವುದೋ ಊರಿನ ನೆರೆಯಲ್ಲಿ ಅಲ್ಲಿಯವರೆಗೆ ಮುಳುಗಿತ್ತು. ಡ್ಯಾಶ್‌ಬೋರ್ಡಿನ ಡಬ್ಬಿ ತೆರೆದರೆ ಅದರಲ್ಲಿ ಒಣಗಿದ ಒಂದು ಸಣ್ಣ ಏಡಿ, ಇಕ್ಕಳದಂಥ ಎರಡೂ ಕಾಲು ಎತ್ತಿಕೊಂಡು.

ಪಪ್ಪನಿಗೆ ಇದು ಯಾವುದೂ ಕಾಣಲಿಲ್ಲ. ಅವರು ಬಾನೆಟ್ ಮೇಲೆ ಕೈಯಿಟ್ಟು ಭಕ್ತಿಯಿಂದ ಕೇಳಿದರು. “ಇದು ಇಲ್ಲಿ ಜೋಡಿಸಿದ್ದಲ್ಲ ಅಲ್ವಾ? ಹಡಗಿನಲ್ಲೇ ಬಂದದ್ದಲ್ವಾ?”

“ಹಂಡ್ರೆಡ್ ಪರ್ಸೆಂಟ್ ಪೊರ್ಬುಲೇ. ಹಡಗಿನಲ್ಲೇ.”

ನಾನು ಏಡಿಯನ್ನು ಎಳೆಮಗುವಿನ ಹಾಗೆ ಅಂಗೈಯಲ್ಲಿ ಮಲಗಿಸಿ ಬ್ರೋಕರಿಗೆ ತೋರಿಸಿದೆ. “ಆ ಹಡಗು ದಾರಿಯಲ್ಲಿ ಮುಳುಗಿತ್ತಾ?”

ಭಟ್ರ ಸತ್ಯ

ಆ ಏಡಿಯ ನಂತರ ನಾನು ಒಂದು ನಿರ್ಧಾರ ಮಾಡಿದೆ. ಸುಳ್ಳು ಹೇಳದವರ ಗಾಡಿಯನ್ನೇ ನೋಡುವುದು. ನನ್ನ ಜೊತೆ ಕೆಲಸ ಮಾಡುವ ಒಬ್ಬಳು, ವಾಮಂಜೂರಿನ ಆಚೆ ಗದ್ದೆಯ ಬದಿಯಲ್ಲಿ ಒಂದು ದೇವಸ್ಥಾನ ಉಂಟು, ಅಲ್ಲಿಯ ಅರ್ಚಕರು ಗಾಡಿ ಮಾರುತ್ತಾರಂತೆ, ಅವರ ಬಾಯಲ್ಲಿ ಸುಳ್ಳು ಬಂದದ್ದು ಊರಲ್ಲಿ ಯಾರೂ ಕೇಳಿಲ್ಲ ಎಂದಳು. ದುಬೈಯಲ್ಲಿರುವ ಅವರ ಭಾವ ತಾನು ಇಟ್ಟುಕೊಂಡಿದ್ದ ಇಂಪೋರ್ಟೆಡ್ ಗಾಡಿಯನ್ನು ಭಟ್ರಿಗೆ ಕೊಟ್ಟು ಹೋಗಿದ್ದರಂತೆ.

ಭಟ್ರು ನಮ್ಮನ್ನು ಕೂರಿಸಿ, ಬೆಲ್ಲ ನೀರು ಕೊಟ್ಟು, ಕೇಳುವ ಮೊದಲೇ ಹೇಳಲು ಶುರುಮಾಡಿದರು. “ನೋಡಿ, ನಾನು ದೇವರ ಎದುರು ಕೂರುವವ. ಇದ್ದದ್ದು ಇದ್ದ ಹಾಗೆ ಹೇಳ್ತೇನೆ. ಗೇರು ಎರಡನೆಯದ್ದು ಬೀಳುವುದಿಲ್ಲ. ಒಂದರಿಂದ ಮೂರಕ್ಕೆ ಹೋಗ್ಬೇಕು. ವಯರ್ ಇಲಿ ತಿಂದಿದೆ, ಹಾಗಾಗಿ ಹಾರ್ನ್ ಒತ್ತಿದರೆ ವೈಪರ್ ತಿರುಗ್ತದೆ. ಎಸಿ ಇಲ್ಲ.”

ಎಸಿ ಇಲ್ಲ ಎಂದದ್ದೇ ಪಪ್ಪ ಲೋಟ ಕೆಳಗಿಟ್ಟರು.

“ಹಿಂದಿನ ಬಾಗಿಲು ಹೊರಗಿನಿಂದ ತೆರೀತದೆ, ಒಳಗಿನಿಂದ ಇಲ್ಲ. ನಮ್ಮ ಅತ್ತೆಯವರು ಒಮ್ಮೆ ಒಳಗೇ ಬಾಕಿ ಆಗಿದ್ದರು. ಊರಿನ ಎಷ್ಟೋ ಗಾಡಿಗಳಿಗೆ ನಾನೇ ಪೂಜೆ ಮಾಡಿದ್ದೇನೆ, ಎಲ್ಲ ಚಂದ ಓಡ್ತವೆ. ಇದಕ್ಕೂ ಮಾಡಿದ್ದೇನೆ, ಮೂರು ಸಲ. ಆದರೂ ಇಳಿಜಾರು ಇದ್ದರೆ ಮಾತ್ರ ಸ್ಟಾರ್ಟ್ ಆಗ್ತದೆ.”

ಪಪ್ಪನಿಗೆ ಅವರ ಮೇಲೆ ಗೌರವ ಬಂತು, ಸಿಟ್ಟೂ ಬಂತು. “ಅಲ್ಲ ಭಟ್ರೇ, ಇಷ್ಟೆಲ್ಲ ಹಾಳಾದ ಗಾಡಿಯನ್ನು ಮಾರ್ಲಿಕ್ಕೆ ಇಟ್ಟಿದ್ದೀರಲ್ಲ?”

ಭಟ್ರು ನಿಜವಾಗಿ ಆಶ್ಚರ್ಯಪಟ್ಟರು. “ಎಂತ ಮಾತಾಡ್ತೀರಿ ಮಾರಾಯ್ರೆ? ಸರಿ ಉಂಟಾದರೆ ನಾನು ಯಾಕೆ ಮಾರ್ತಿದ್ದೆ?”

ಒಂದು ಪವಾಡ

ಗಾಡಿ ಸಿಕ್ಕಿದ್ದು ಉಳ್ಳಾಲದಲ್ಲಿ, ಕೊನೆಗೂ ಅದೇ ಬ್ರೋಕರ ಮೂಲಕ. ಈ ಸಲ ಮಮ್ಮಿಯೂ ಬಂದಿದ್ದಳು. ಕಡಲಿಗೆ ಎದುರಾಗಿದ್ದ ಮನೆ. ತೆರೆಯ ಹನಿ ಅಂಗಳಕ್ಕೆ ಬೀಳುತ್ತಿತ್ತು. ಗಾಡಿ ವರ್ಷಾನುಗಟ್ಟಲೆ ಅಲ್ಲೇ ನಿಂತು ಕಡಲು ನೋಡಿದ್ದು. ಯಾರಾದರೂ ಬಗ್ಗಿ ಅಡಿ ನೋಡಬೇಕಿತ್ತು. “ಆಹಾ, ಗಾಳಿ ಒಳ್ಳೆಯದುಂಟು” ಎಂದು ನಾವು ಮೂವರೂ ಉಸಿರು ಎಳೆದುಕೊಂಡೆವು, ಅಷ್ಟೆ.

ಅದು ಎಷ್ಟು ಕೈ ದಾಟಿತ್ತೋ ಗೊತ್ತಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಒಬ್ಬರು ಗಣಪತಿ ಅಂಟಿಸಿ ಕಿತ್ತ ಗುರುತು, ಅದರ ಪಕ್ಕ ಇನ್ನೊಬ್ಬರು ಶಿಲುಬೆ ಇಟ್ಟಿದ್ದ ಗುರುತು, ಗಾಜಿನ ಮೂಲೆಯಲ್ಲಿ ಅರಬ್ಬಿ ಅಕ್ಷರದ ಸ್ಟಿಕ್ಕರ್ ಹರಿದದ್ದು. ಮಮ್ಮಿ ಅದನ್ನೆಲ್ಲ ನೋಡಿ ಸಮಾಧಾನಪಟ್ಟಳು. “ಎಲ್ಲರೂ ಕಾಪಾಡಿದ ಗಾಡಿ.” ನನಗೆ ಅನಿಸಿದ್ದೇ ಬೇರೆ. ಅವರೆಲ್ಲ ದೇವರನ್ನು ಬಿಡಿಸಿಕೊಂಡು ಹೋಗಿ ಗಾಡಿಯನ್ನು ನಮಗೆ ಬಿಟ್ಟಿದ್ದರು.

ಪಪ್ಪ ಎಡಬದಿಗೆ ಹತ್ತಿದರು. ಎಸಿ ಹಾಕಿದರು. ಹತ್ತು ನಮಾನ್ ಮರಿಯೆ ಮುಗಿಯುವ ಮೊದಲೇ ಕೈ ಹಿಂದಕ್ಕೆ ಎಳೆದುಕೊಂಡು ಬೆರಳು ಉಜ್ಜಿದರು. ಮುಖದಲ್ಲಿ ಎಷ್ಟೋ ತಿಂಗಳಿನಿಂದ ಕಾಣದ ನಗು. ಆಮೇಲೆ ಇಳಿದು, ಗಾಡಿಯ ಮೈ ಸವರಿಕೊಂಡು ಒಂದು ಸುತ್ತು ಬಂದು, ನಮ್ಮ ಕಡೆ ತಿರುಗಿ ಕೇಳಿದರು.

“ಬಿಳಿ ಅಲ್ವಾ?”

ಗಾಡಿ ಬೂದಿ ಬಣ್ಣದ್ದು. ಕಣ್ಣಿರುವಾಗ ಆರಿಸಬೇಕು ಎಂದವರು ಇವರು. ನಾನು ಏನಾದರೂ ಹೇಳುವ ಮೊದಲು ಮಮ್ಮಿ, “ಬಿಳಿಯೇ” ಎಂದಳು. ಬ್ರೋಕರು ಮಮ್ಮಿಯ ಮುಖ ನೋಡಿದರು, ಪಪ್ಪನ ಮುಖ ನೋಡಿದರು. “ಹೌದು ಪೊರ್ಬುಲೇ. ಹಾಲಿನ ಹಾಗೆ ಬಿಳಿ” ಎಂದರು. ಆ ಮನುಷ್ಯ ಜೀವನದಲ್ಲಿ ಹೇಳಿದ ಸುಳ್ಳುಗಳಲ್ಲಿ ಕಮಿಷನ್ ಇಲ್ಲದ್ದು ಅದೊಂದೇ ಇರಬೇಕು.

ಗಾಡಿ ಫಳ್ನೀರಿನ ನಮ್ಮ ಫ್ಲಾಟಿನ ಅಡಿಗೆ ಬಂತು. ಆಶೀರ್ವಾದ ಮಾಡಿಸದೆ ನಮ್ಮಲ್ಲಿ ಗಾಡಿ ರಸ್ತೆಗೆ ಇಳಿಸುವುದಿಲ್ಲ. ನಮ್ಮ ಚರ್ಚಿನ ಫಾದರ್‌ಗೆ ವಯಸ್ಸಾಗಿದೆ, ಕೈ ನಡುಗುತ್ತದೆ. ಪ್ರಾರ್ಥನೆ ಮುಗಿಸಿ, ಗಾಡಿಯ ಒಳಗೂ ಪವಿತ್ರ ನೀರು ಚಿಮುಕಿಸಲು ಎಡಬದಿಯ ಬಾಗಿಲಿನಿಂದ ಬಗ್ಗಿದರು. ಪಾತ್ರೆಯೇ ಕೈಜಾರಿ ಪಪ್ಪ ಕಾಲಿಡುವಲ್ಲಿ ಮಗುಚಿ ಬಿತ್ತು. ಒಳಗೆ ಕೆರೆಯಾಯಿತು. “ಅಯ್ಯೋ ದೇವರೇ” ಎಂದು ಫಾದರ್ ಗಾಬರಿಯಾದರು. ನಾನು ಬಟ್ಟೆ ತರಲು ಮೇಲೆ ಓಡಿದೆ.

ಬಟ್ಟೆ ಹಿಡಿದು ಬಂದು ನೋಡಿದರೆ ನೀರೇ ಇಲ್ಲ. ಕಾರ್ಪೆಟ್ ಸ್ವಲ್ಪ ಒದ್ದೆ, ಅಷ್ಟೆ. ಮಮ್ಮಿ ಶಿಲುಬೆಯ ಗುರುತು ಮಾಡಿಕೊಂಡಳು. ಪಪ್ಪ ಹೆಮ್ಮೆಯಿಂದ, “ಜಪಾನ್ ಗಾಡಿ ಫಾದರ್. ನೀರು ನಿಲ್ಲಲಿಕ್ಕೆ ಬಿಡುವುದಿಲ್ಲ” ಎಂದರು. ಫಾದರ್ ಬಹಳ ಹೊತ್ತು ಆ ಜಾಗವನ್ನೇ ನೋಡಿದರು. ಮುಂದಿನ ಆದಿತ್ಯವಾರ ಚರ್ಚಿನ ಪ್ರವಚನದಲ್ಲಿ ವಿಶ್ವಾಸದ ಬಗ್ಗೆ ಮಾತಾಡುತ್ತಾ ನಮ್ಮ ಗಾಡಿಯನ್ನೇ ಉದಾಹರಣೆ ಕೊಟ್ಟರು. ಅಡಿಗೆ ಬಗ್ಗಿ ನೋಡುವಷ್ಟು ಅವಿಶ್ವಾಸಿಗಳು ಇಡೀ ಚರ್ಚಿನಲ್ಲಿ ಒಬ್ಬರೂ ಇರಲಿಲ್ಲ.

ಬ್ರೇಕು

ನಾನು ಬಲಬದಿಯಲ್ಲಿ, ಪಪ್ಪ ಎಡಬದಿಯಲ್ಲಿ, ಮಮ್ಮಿ ಹಿಂದೆ. ಹೀಗೆ ನಮ್ಮ ಸವಾರಿ ಶುರುವಾಯಿತು. ಮಮ್ಮಿ ಹಿಂದಿನ ಸೀಟಿನ ಒಂದು ತುದಿಯಲ್ಲಿ ಬಸ್ಸಿನಲ್ಲಿ ಕೂತ ಹಾಗೆ ಬ್ಯಾಗ್ ಅವುಚಿಕೊಂಡು ಕೂರುತ್ತಿದ್ದಳು. ಪಪ್ಪ ನನ್ನ ಜೊತೆಗೇ ಗಾಡಿ ಬಿಡುತ್ತಿದ್ದರು. ತಿರುವು ಬಂದರೆ ಅವರ ಭುಜ ವಾಲುತ್ತಿತ್ತು. ನಾನು ಬ್ರೇಕ್ ಹಾಕುವ ಮೊದಲು ಅವರ ಬಲಗಾಲು ಧಪ್ ಎಂದು ನೆಲಕ್ಕೆ ಬೀಳುತ್ತಿತ್ತು. ಸಿಗ್ನಲ್ಲಿಗೊಂದು ಧಪ್, ರಸ್ತೆ ಉಬ್ಬಿಗೊಂದು ಧಪ್. ಶಬ್ದ ಕೇಳಿಯೇ ಅವರು ರಸ್ತೆಯನ್ನು ಅಂದಾಜು ಮಾಡುತ್ತಿದ್ದರು. ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. “ಅಲ್ಲಿ ಬ್ರೇಕ್ ಇಲ್ಲ ಪಪ್ಪ” ಎಂದು ಒಂದೆರಡು ಸಲ ರೇಗಿದ್ದೆ. “ಗೊತ್ತುಂಟು” ಎಂದು ಮತ್ತೆ ಧಪ್.

ಜೋರು ಮಳೆಯ ಒಂದು ದಿನ ಕಣ್ಣಿನ ಡಾಕ್ಟರರ ಹತ್ತಿರ ಹೋದೆವು. ಪರೀಕ್ಷೆ ಬೇಗ ಮುಗಿಯಿತು. “ಇನ್ನು ಪ್ರತಿ ತಿಂಗಳು ಬರಬೇಕೆಂದಿಲ್ಲ” ಎಂದರು ಡಾಕ್ಟರು, ಮೆಲ್ಲಗೆ. ಗುಣವಾದವರಿಗೂ ನಾವು ಅದೇ ಮಾತು ಹೇಳುತ್ತೇವೆ, ಇನ್ನು ಗುಣವಾಗದವರಿಗೂ ಅದೇ. ಯಾವ ದನಿಯಲ್ಲಿ ಹೇಳಿದರೆ ಯಾವುದು ಎಂದು ನನಗೆ ಗೊತ್ತು. ಮಮ್ಮಿ ಮದ್ದಿನ ಚೀಟಿಗೆ ಕೈ ಚಾಚಿದಳು. ಚೀಟಿ ಇರಲಿಲ್ಲ.

ಗಾಡಿಯಲ್ಲಿ ಮನೆಗೆ ಹೊರಟೆವು. ವೈಪರ್ ಹೋಗಿ ಬರುತ್ತಿತ್ತು. ಸ್ವಲ್ಪ ದೂರ ಬಂದ ಮೇಲೆ ಪಪ್ಪ, “ಡ್ರೈವರಿಗೆ ಕಣ್ಣಿಲ್ಲದಿದ್ದರೆ ಮತ್ತೆ ಎಂತ ಉಂಟು ಬಾಯೆ?” ಎಂದರು. ನನಗೆ ಅಳು ಬಂತು. ಎದುರಿನ ಗಾಜೂ ಮಂಜು, ನನ್ನ ಕಣ್ಣೂ ಮಂಜು.

ಅಷ್ಟರಲ್ಲಿ ಪಕ್ಕದಿಂದ ಒಂದು ಸಿಟಿ ಬಸ್ಸು ನುಗ್ಗಿ, ಸ್ಟಾಪಿನಲ್ಲಿ ಜನ ಕಂಡು ನಮ್ಮ ಮೂತಿಗೇ ಅಡ್ಡ ನಿಂತಿತು. ನಾನು ನೋಡಲಿಲ್ಲ. ಕಂಡಕ್ಟರನ ವಿಸಿಲ್ ಕೇಳಿದ ಪಪ್ಪ ನೋಡಿದರು ಎನ್ನಬೇಕು. “ಬ್ರೇಕ್!” ಎಂದು ಕಿರುಚಿ ಇದ್ದ ಶಕ್ತಿಯನ್ನೆಲ್ಲ ಹಾಕಿ ಕಾಲು ಊರಿದರು. ಈ ಸಲ ಧಪ್ ಎನ್ನಲಿಲ್ಲ. ಕರಕ್ ಎಂದಿತು. ಆ ಸದ್ದಿಗೆ ಬೆಚ್ಚಿ ನಾನೂ ನನ್ನ ಬ್ರೇಕ್ ಒತ್ತಿದೆ. ಗಾಡಿ ಬಸ್ಸಿನ ಹಿಂಬದಿಯನ್ನು ಮುಟ್ಟಿಯೂ ಮುಟ್ಟದ ಹಾಗೆ ನಿಂತಿತು.

ತಿರುಗಿ ನೋಡಿದರೆ ಪಪ್ಪನ ಬಲಗಾಲು ಮೊಣಕಾಲಿನ ಕೆಳಗೆ ಇಲ್ಲ. ಕಡಲ ಉಪ್ಪು ತಿಂದು ಹಪ್ಪಳವಾಗಿದ್ದ ಗಾಡಿಯ ತಳ ತೂತಾಗಿ, ಕಾರ್ಪೆಟ್ಟನ್ನೂ ಸೀಳಿಕೊಂಡು ಕಾಲು ಹೊರಗೆ ಹೋಗಿತ್ತು. ಫಾದರ್ ಕಂಡ ಪವಾಡದ ಜಾಗ ಅದೇ.

ಹಿಂದಿದ್ದ ರಿಕ್ಷಾದವರು ಇಳಿದು ಬಂದು ಗಾಜು ತಟ್ಟಿದರು. “ಅಕ್ಕ, ನಿಮ್ಮ ಗಾಡಿಯಿಂದ ಒಂದು ಚಪ್ಪಲಿ ಬಿತ್ತು” ಎಂದು, ಅದನ್ನು ಹೆಕ್ಕಲು ಬಗ್ಗಿದವರು ಹಾಗೇ ಕುಕ್ಕರಗಾಲಲ್ಲಿ ಕೂತು ಬೊಬ್ಬೆ ಹೊಡೆದರು. “ಅಯ್ಯಯ್ಯೋ! ಅಡಿಯಲ್ಲಿ ಕಾಲುಂಟು! ಯಾರೋ ಅಡಿಗೆ ಬಿದ್ದಿದ್ದಾರೆ!”

ಬಸ್ಸು ಖಾಲಿಯಾಯಿತು. ಕೊಡೆ ಹಿಡಿದವರು, ಹಿಡಿಯದವರು ಎಲ್ಲ ನಮ್ಮ ಗಾಡಿಯನ್ನು ಸುತ್ತಿದರು. ಒಬ್ಬರು ಆಂಬುಲೆನ್ಸಿಗೆ ಫೋನ್ ಹಚ್ಚಿದರು. ಒಬ್ಬರು ನನ್ನತ್ತ ಬೆರಳು ತೋರಿಸಿ, “ಹೆಂಗಸರಿಗೆ ಯಾಕೆ ಇಷ್ಟು ದೊಡ್ಡ ಗಾಡಿ?” ಎಂದರು. ಬಸ್ಸಿನ ಕಂಡಕ್ಟರು ನೀರಿನಲ್ಲೇ ಮಲಗಿ, ಒಳಗೆ ಕೈ ಹಾಕಿ, “ಜೀವ ಉಂಟು, ಬೆರಳು ಅಲ್ಲಾಡ್ತಾ ಉಂಟು! ಹಿಡೀರಿ, ಎಳೀರಿ!” ಎಂದು ಪಪ್ಪನ ಪಾದ ಹಿಡಿದು ಎಳೆಯತೊಡಗಿದರು.

ಒಳಗಿನಿಂದ ಪಪ್ಪ ಗಾಜು ಇಳಿಸಿ ಲಬಲಬ ಬೊಬ್ಬೆ ಹೊಡೆದರು. “ಬಿಡಿ ಮಾರಾಯ್ರೆ! ಅದು ನನ್ನದು!”

ಎಲ್ಲರೂ ಗಾಜಿನೊಳಗೆ ಇಣುಕಿದರು. ಆಮೇಲೆ ಮೊದಲು ನಕ್ಕವಳು ಮಮ್ಮಿ. ಬ್ಯಾಗ್ ಬಿಟ್ಟು, ಸೀಟಿಗೆ ಒರಗಿ, ಸೆರಗು ಬಾಯಿಗೆ ಒತ್ತಿ ನಕ್ಕಳು. ಮಳೆಯಲ್ಲಿ ನಿಂತವರೂ ನಕ್ಕರು. ನಾನು ಅಳುತ್ತಿದ್ದವಳು, ಅದನ್ನು ನಿಲ್ಲಿಸದೆ ನಕ್ಕೆ. ಕಾಲು ಬಿಡಿಸಿ ನೋಡಿದರೆ ದೊಡ್ಡ ಗಾಯವೇನಿಲ್ಲ. ಸಕ್ಕರೆ ಕಾಯಿಲೆಯ ಕಾಲು, ಆದ್ದರಿಂದ ಅಲ್ಲೇ ಬಸ್ ಸ್ಟಾಪಿನಲ್ಲಿ ಕೂರಿಸಿ ತೊಳೆದು ಬಟ್ಟೆ ಕಟ್ಟಿ, ವಾಪಸು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಂಜೆಕ್ಷನ್ ಕೊಡಿಸಿದೆ. ಪಪ್ಪನಿಗೆ ನೋವು ಗೊತ್ತೇ ಆಗಲಿಲ್ಲ. ದಾರಿಯುದ್ದಕ್ಕೂ ಒಂದೇ ಮಾತು. “ನೋಡಿದ್ಯಾ? ಯಾರು ನಿಲ್ಲಿಸಿದ್ದು? ನಾನು!” ನಿಜ ಹೇಳಬೇಕೆಂದರೆ, ನಿಲ್ಲಿಸಿದ್ದು ಅವರೇ.

ಗ್ಯಾರೇಜಿನವರು ಗಾಡಿ ಎತ್ತಿ ಅಡಿ ನೋಡಿ ತಲೆಗೆ ಕೈ ಹಚ್ಚಿದರು. “ತಗೊಳ್ಳುವಾಗ ಎಂತ ನೋಡಿದ್ದೀರಿ ಪೊರ್ಬುಲೇ?”

“ಎಸಿ” ಎಂದರು ಪಪ್ಪ, ಸ್ವಲ್ಪವೂ ತಗ್ಗದೆ.

ತಳಕ್ಕೆ ದಪ್ಪ ತಗಡು ಹಾಕಿ ವೆಲ್ಡ್ ಮಾಡಿಸಿದೆವು. ಪಪ್ಪ ಕಾಲಿಡುವಲ್ಲಿ, ಗುಜರಿಯಿಂದ ತಂದ ಒಂದು ಬ್ರೇಕ್ ಪೆಡಲನ್ನು ಸ್ಪ್ರಿಂಗ್ ಸಮೇತ ಕೂರಿಸಿ ಕೊಡಿ ಎಂದು ನಾನೇ ಹೇಳಿದೆ. ಅದಕ್ಕೆ ಯಾವುದರ ಸಂಪರ್ಕವೂ ಇಲ್ಲ. ಗ್ಯಾರೇಜಿನವರು ನನ್ನ ತಲೆ ಸರಿ ಉಂಟೋ ಎಂಬ ಹಾಗೆ ನೋಡಿ, ಕೂರಿಸಿ ಕೊಟ್ಟರು.

ಈಗ ಪಪ್ಪನಿಗೆ ಬೆಳಕು, ಕತ್ತಲೆ ಎರಡೂ ಒಂದೇ. ಆದರೂ ಆದಿತ್ಯವಾರ ಚರ್ಚಿನ ಪೂಜೆಗೆ ಹೋಗುವಾಗ ಇಸ್ತ್ರಿ ಮಾಡಿದ ಶರ್ಟ್ ಹಾಕಿ, ಮೊದಲು ಹಿಂದಿನ ಬಾಗಿಲು ತಡಕಿ ತೆರೆದು ನಿಲ್ಲುತ್ತಾರೆ. ಮಮ್ಮಿ ಒಳಗೆ ಹೋಗಿ ಹಿಂದಿನ ಸೀಟಿನ ನಡುವೆಯೇ ಕೂರುತ್ತಾಳೆ. ಅವರು ಬಾಗಿಲು ಹಾಕಿ, ಗಾಡಿಯ ಮೈ ಸವರಿಕೊಂಡು ಬಂದು ಎಡಬದಿಗೆ ಹತ್ತಿ ಪೆಡಲಿನ ಮೇಲೆ ಕಾಲಿಡುತ್ತಾರೆ. ಜ್ಯೋತಿ ಸರ್ಕಲ್ಲಿನ ಇಳಿಜಾರಿನಲ್ಲಿ ನಾನು ಸ್ವಲ್ಪ ಜೋರು ಹೋದರೆ ಮಮ್ಮಿ ನನಗೆ ಏನೂ ಹೇಳುವುದಿಲ್ಲ. ಎಡಬದಿಯ ಸೀಟಿನ ಕಡೆಗೆ ಬಾಗಿ, “ಸ್ವಲ್ಪ ನಿಧಾನ ಬಿಡಿ” ಎನ್ನುತ್ತಾಳೆ.

“ಆಯ್ತು ಮೇಡಂ” ಎಂದು ಪಪ್ಪ ಬ್ರೇಕ್ ಒತ್ತುತ್ತಾರೆ. ಸ್ಟೇರಿಂಗ್ ಹಿಡಿದ ನನ್ನನ್ನು ಆ ಗಾಡಿಯಲ್ಲಿ ಯಾರೂ ಕೇಳುವುದೇ ಇಲ್ಲ.